ಬೆವರಿಗೆ ಪಾಲು, ಪಾಲಿಗೆ ಬೀಗ: ಸ್ಟೀಮ್ ಶ್ವೇತಪತ್ರದ ಒಂದು ಓದು

ಇವತ್ತು ನಾನು ಎತ್ತಿಕೊಂಡಿರೋದು ಒಂದು ಪಠ್ಯ: 2016ರಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್ ಜೊತೆ ಬಂದ ಶ್ವೇತಪತ್ರ. ಅದರ ಮೇಲೆ ಕಟ್ಟಿದ ತಾಣ ಸ್ಟೀಮಿಟ್. ಅಲ್ಲಿ ಬರೆದರೆ, ಬೇರೆಯವರ ಬರಹಕ್ಕೆ ಮತ ಹಾಕಿದರೆ, ಕ್ರಿಪ್ಟೋ ನಾಣ್ಯದ ರೂಪದಲ್ಲಿ ಪಾಲು ಸಿಗುತ್ತಿತ್ತು. ಕಂಪ್ಯೂಟರ್‌ನವರ ದಾಖಲೆ ಅಂತ ನಮ್ಮಂಥವರು ಇದನ್ನು ಬಿಟ್ಟುಬಿಡುತ್ತೇವೆ. ಬಿಡಬಾರದು. ಅದರೊಳಗೆ ಇರೋದು ಕೂಲಿಯ ಪ್ರಶ್ನೆ.

ಪತ್ರದ ಮೂಲ ದೂರು ನ್ಯಾಯವಾದದ್ದೇ. ಜನ ಬರೆದು, ಹರಟಿ, ಜಗಳ ಬಿಡಿಸಿ ತಾಣಗಳನ್ನು ಬೆಳೆಸುತ್ತಾರೆ. ಲಾಭ ಮಾತ್ರ ಕಂಪನಿಯ ಷೇರುದಾರರಿಗೆ. ಈ ತಕರಾರು ಹಳೆಯದು. ಅಮೆರಿಕದಲ್ಲಿ ಎಒಎಲ್ ಕಂಪನಿಯ ಹರಟೆಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು 1999ರಲ್ಲೇ ಕನಿಷ್ಠ ವೇತನ ಕೇಳಿ ಕೋರ್ಟಿಗೆ ಹೋಗಿದ್ದರು. ಅವರು ಕೇಳಿದ್ದು ಸಂಬಳ. ಸ್ಟೀಮ್ ಕೊಡುತ್ತೇನೆ ಅಂದದ್ದು ಪಾಲು. ಬೆವರೂ ಬಂಡವಾಳವೇ, ಹಣ ಹಾಕಿದವನಿಗೂ ಸಮಯ ಹಾಕಿದವನಿಗೂ ಒಂದೇ ತತ್ವ ಅನ್ನೋದು ಪತ್ರದ ಕೇಂದ್ರ. ಕೇಳಲಿಕ್ಕೆ ಚಂದ.

ಆದರೆ ತತ್ವದಲ್ಲಿರುವ ಸಮಾನತೆ ಲೆಕ್ಕಕ್ಕೆ ಬಂದಾಗ ಉಳಿಯೋದಿಲ್ಲ. ಲೇಖಕನ ಗಳಿಕೆಯಲ್ಲಿ ಅರ್ಧವನ್ನು ಕೂಡಲೇ ಮಾರಬಹುದಿತ್ತು. ಇನ್ನರ್ಧ ‘ಸ್ಟೀಮ್ ಪವರ್’ ಆಗಿ ಬೀಗದೊಳಗೆ. ಬಿಡಿಸಿಕೊಳ್ಳಲು ವಾರಕ್ಕೊಂದರಂತೆ 104 ಕಂತು. (ಆಮೇಲೆ ಅದನ್ನು 13 ವಾರಕ್ಕೆ ಇಳಿಸಿದರು.) ನಮ್ಮ ಕಾಸರಗೋಡಿನ ಕಡೆ ಅಡಿಕೆ ಸುಲಿಯಲು ಬಂದವರಿಗೆ ಯಜಮಾನರು ಹೀಗಂದರೆ ಹೇಗಿರುತ್ತದೆ ನೋಡಿ: ಅರ್ಧ ಕೂಲಿ ಇವತ್ತು, ಉಳಿದರ್ಧ ಎರಡು ವರ್ಷದಲ್ಲಿ, ಅದೂ ಆಯಾ ವಾರದ ಅಡಿಕೆ ಧಾರಣೆ ನೋಡಿಕೊಂಡು. ಮರುದಿನ ಯಾರು ಬರುತ್ತಾರೆ? ಧಾರಣೆ ಬಿದ್ದರೆ ನಷ್ಟ ಯಜಮಾನರಿಗೂ ಇದೆ ಅನ್ನಬಹುದು. ಇದೆ. ಅವರಿಗೆ ತೋಟವೂ ಇದೆ.

ಇದಕ್ಕಿಂತ ಗಂಭೀರವಾದದ್ದು ಮತದ ತೂಕ. ಮೊದಲಿಗೆ ಅದನ್ನು ಪಾಲಿನ ವರ್ಗಕ್ಕೆ ಕಟ್ಟಿದ್ದರು: ಹತ್ತು ಪಟ್ಟು ಪಾಲಿದ್ದವನ ಮತಕ್ಕೆ ನೂರು ಪಟ್ಟು ಬಲ. ಆರಂಭದಲ್ಲೇ ನಾಣ್ಯದ ದೊಡ್ಡ ರಾಶಿ ಸ್ಥಾಪಕ ಕಂಪನಿಯ ಕೈಗೆ ಸೇರಿತ್ತು. ಅಂದಮೇಲೆ ಬರೆದವನ ಕೂಲಿ ನಿಗದಿ ಮಾಡೋದು ಓದುಗರೋ, ದೊಡ್ಡ ಪಾಲುದಾರರೋ? 2017ರಲ್ಲಿ ವರ್ಗವನ್ನು ಕೈಬಿಟ್ಟು ನೇರ ಅನುಪಾತಕ್ಕೆ ತಂದರು. ಹಣ ಇದ್ದಷ್ಟು ದನಿ ಅನ್ನೋದು ಮಾತ್ರ ಹಾಗೇ ಉಳಿಯಿತು. ಮೋಸ ತಡೆಯುವ ಬಗೆ ಹೇಳುವಾಗ ಪತ್ರ ಬುಟ್ಟಿಯ ಏಡಿಗಳ ಉಪಮೆ ತರುತ್ತದೆ; ಒಂದು ಮೇಲೆ ಹತ್ತಿದರೆ ಇನ್ನೊಂದು ಎಳೆಯುತ್ತದಂತೆ. ಏಡಿಗಳು ಒಂದನ್ನೊಂದು ಕಾಯಬೇಕು, ಸರಿ. ಬುಟ್ಟಿ ಯಾರದು ಅಂತ ಪತ್ರ ಕೇಳುವುದೇ ಇಲ್ಲ.

ಉತ್ತರ 2020ರಲ್ಲಿ ಸಿಕ್ಕಿತು. ಫೆಬ್ರವರಿಯಲ್ಲಿ ಸ್ಟೀಮಿಟ್ ಕಂಪನಿ ಟ್ರಾನ್ ಸ್ಥಾಪಕ ಜಸ್ಟಿನ್ ಸನ್ ಪಾಲಾಯಿತು. ಅಲ್ಲಿ ದುಡಿದವರನ್ನು ಯಾರೂ ಕೇಳಲಿಲ್ಲ. ಅವರು ಆರಿಸಿದ್ದ ನಿರ್ವಾಹಕರು ಕಂಪನಿಯ ಪಾಲನ್ನು ತಡೆಹಿಡಿದರು. ಮಾರ್ಚ್‌ನಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ನಾಣ್ಯಗಳಿಂದಲೇ ಮತ ಹಾಕಿ ಆ ನಿರ್ವಾಹಕರನ್ನು ಉರುಳಿಸಿದವು. ಅಂದರೆ ಬರಹಗಾರ ಮಾರಲು ಇಟ್ಟ ಕೂಲಿ ಅವನ ವಿರುದ್ಧವೇ ಮತವಾಗಬಹುದಿತ್ತು. ಶ್ವೇತಪತ್ರದ ವಿಮರ್ಶೆಗೆ ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಡ.

ಪಾಲೇ ತಪ್ಪಾ ಅಂತ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. ಅಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ; ಇಲ್ಲಿ ಕೇಳುತ್ತಿರುವ ಕೆಲವರ ಮನೆಯಲ್ಲೂ ಅದರ ಸದಸ್ಯರು ಇದ್ದಾರು. ಷೇರು ಎಷ್ಟೇ ಇರಲಿ, ಸಹಕಾರದಲ್ಲಿ ಸದಸ್ಯನಿಗೆ ಒಂದೇ ಮತ. ಅಡಿಕೆಗೆ ಬೆಲೆ ಬೇರೆ, ಷೇರು ಬೇರೆ. ಒಂದನ್ನು ಕೊಟ್ಟು ಇನ್ನೊಂದು ತೀರಿತು ಅನ್ನೋದಿಲ್ಲ. (ಸುಲಿಯುವವರು ಅದರ ಸದಸ್ಯರಲ್ಲ ಅನ್ನೋದು ಬೇರೆ ಚರ್ಚೆ, ಅದೂ ಆಗಬೇಕು.) ಸ್ಟೀಮ್ ಬಿಟ್ಟವರು 2020ರ ಮಾರ್ಚ್ 20ರಂದು ಹೈವ್ ಕಟ್ಟಿದಾಗ ಕಂಪನಿಯ ರಾಶಿಯನ್ನು ಹೊರಗಿಟ್ಟರು, ಜೊತೆಗೆ ಸನ್ ಪರ ಮತ ಹಾಕಿದ ಕೆಲವು ಖಾತೆಗಳಿಗೂ ಹೊಸ ನಾಣ್ಯ ಕೊಡಲಿಲ್ಲ. ಅಲ್ಲೂ ಮತದ ತೂಕ ಪಾಲಿನ ಮೇಲೆಯೇ ಇದೆ.