ಸೊನಾಟಾಬಂಧವೂ ನಾಟಕಸಂಧಿಗಳೂ

ಬೆಂಗಳೂರಿನ ದಕ್ಷಿಣಭಾಗದ ಜಯನಗರವು ಶ್ರೀ ಜಯಚಾಮರಾಜ ಒಡೆಯರ (1919–1974) ಹೆಸರನ್ನು ಹೊತ್ತಿದೆಯೆಂದು ಪ್ರತೀತಿ. ಈ ಮಹಾರಾಜರು ಪೌರಸ್ತ್ಯ ಪಾಶ್ಚಾತ್ಯ ಸಂಗೀತಗಳೆರಡರ ಮರ್ಮವನ್ನೂ ಬಲ್ಲವರು. 14 ಪಿಯಾನೊ ಸೊನಾಟಾಗಳನ್ನು ರಚಿಸಿದ ರಷ್ಯಾದೇಶದ ನಿಕೊಲಾಯ್ ಮೆಟ್ನರನು ಲಂಡನ್ನಿನಲ್ಲಿ ವಾರ್ಧಕ್ಯವನ್ನು ಕಳೆಯುತ್ತಿದ್ದಾಗ, ಆತನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ದ್ರವ್ಯಸಹಾಯವನ್ನಿತ್ತವರು ಇವರೇ. ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಇವರಿಗೆ ಅರ್ಪಿಸಿದನು. ಆದರೆ ‘ಶ್ರೀವಿದ್ಯಾ’ ಮುದ್ರೆಯಿಂದ ತಾವು ರಚಿಸಿದ 94 ಕೃತಿಗಳಲ್ಲಿ ಮಹಾರಾಜರು ಪಲ್ಲವಿ, ಅನುಪಲ್ಲವಿ, ಚರಣಗಳ ಮಾರ್ಗವನ್ನೇ ಹಿಡಿದರು. ಇದರ ಔಚಿತ್ಯವು ವಿಚಾರಾರ್ಹವಾದುದು.

ಸೊನಾಟಾ ಎಂಬ ಇಟಲಿಯ ಶಬ್ದಕ್ಕೆ ‘ನುಡಿಸಿದುದು’ ಎಂದರ್ಥ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈಡನ್, ಮೊಟ್ಸಾರ್ಟ್ ಮೊದಲಾದವರಿಂದ ಅದರ ಪ್ರಥಮಖಂಡಕ್ಕೆ ಒಂದು ಬಂಧವು ನೆಲೆಗೊಂಡಿತು. ಮೊದಲು ಆಧಾರಷಡ್ಜದಲ್ಲಿ ಒಂದು ವಸ್ತು. ಬಳಿಕ ಆಧಾರವೇ ಬಹುಮಟ್ಟಿಗೆ ಪಂಚಮಕ್ಕೆ ಸರಿದು, ಅಲ್ಲಿ ಎರಡನೆಯ ವಸ್ತು. ನಡುವೆ ಇವು ಒಡೆದು ನಾನಾ ಶ್ರುತಿಗಳಲ್ಲಿ ಅಲೆಯುತ್ತವೆ. ಕಡೆಗೆ ಎರಡೂ ಮೊದಲಿನ ಷಡ್ಜದಲ್ಲಿಯೇ ನೆಲಸುತ್ತವೆ.

ಪಲ್ಲವಿಯು ಮರಳಿ ಬರುವುದನ್ನು ನೋಡಿ ಕೃತಿಯನ್ನು ಇದಕ್ಕೆ ಸಮೀಕರಿಸುವುದುಂಟು. ಅದು ಯುಕ್ತವಲ್ಲ. ಕೃತಿಯಲ್ಲಿ ಷಡ್ಜವು ಕದಲುವುದೇ ಇಲ್ಲ. ತಂಬೂರಿಯೇ ಅದಕ್ಕೆ ಸಾಕ್ಷಿ. ಮನೆಯನ್ನು ಬಿಡದವನಿಗೆ ಮರಳಿ ಬರುವುದೆಂಬುದೆಲ್ಲಿಯದು? ಗ್ರಹಭೇದದಲ್ಲಿ ತೋರುವ ಷಡ್ಜಾಂತರವೂ ಕ್ಷಣಿಕವಾದ ಚಮತ್ಕಾರವೇ ಹೊರತು ರಚನೆಯ ಅಡಿಪಾಯವಲ್ಲ.

ಸಾದೃಶ್ಯವನ್ನು ಅರಸಬೇಕಾದುದು ನಾಟ್ಯಶಾಸ್ತ್ರದಲ್ಲಿ. ಮುಖಸಂಧಿಯಲ್ಲಿ ಬಿತ್ತಿದ ಬೀಜವು ಪ್ರತಿಮುಖದಲ್ಲಿ ಕಂಡೂ ಕಾಣದಂತಾಗಿ, ಗರ್ಭದಲ್ಲಿ ದೊರೆತು ತಪ್ಪಿ, ವಿಮರ್ಶದಲ್ಲಿ ವಿಘ್ನಕ್ಕೊಳಗಾಗುತ್ತದೆ. ನಿರ್ವಹಣದಲ್ಲಿ ಚೆದರಿದ ಅರ್ಥಗಳೆಲ್ಲ ಏಕಾರ್ಥವನ್ನು ಸೇರುತ್ತವೆ. ಸೊನಾಟಾದಲ್ಲಿ ಐದು ಸಂಧಿಗಳನ್ನೂ ಎಣಿಸಹೋಗುವುದು ವ್ಯರ್ಥಪ್ರಯಾಸ. ಬೀಜನಿರ್ವಹಣಗಳ ಸಂಬಂಧವಾದರೋ ಎರಡರಲ್ಲಿಯೂ ಒಂದೇ. ಶಾಕುಂತಲದ ಸಪ್ತಮಾಂಕದಲ್ಲಿ ಮಾರೀಚಾಶ್ರಮದಲ್ಲಿ ಸೇರುವವರು ಕಣ್ವಾಶ್ರಮದಲ್ಲಿ ಸೇರಿದವರೇ. ಆದರೂ ನಡುವಿನ ವಿಯೋಗವನ್ನು ಬಲ್ಲ ಸಹೃದಯನಿಗೆ ಅದು ಮೊದಲಿನ ಸಮಾಗಮವಲ್ಲ. ಮೆಟ್ನರನ ‘ರೆಮಿನಿಸೆಂಜಾ’, ಎಂದರೆ ‘ಸ್ಮರಣ’, ಎಂಬ ಏಕಖಂಡದ ಸೊನಾಟಾದಲ್ಲಿ ಆರಂಭದ ಗೀತವು ಅಂತ್ಯದಲ್ಲಿ ಮರಳಿದಾಗ ಕೇಳುವವನಿಗೆ ಆಗುವ ಅನುಭವವೂ ಇಂಥದೇ. ಸ್ವರಗಳು ಅವೇ, ಅರ್ಥವು ಬೇರೆ.

ಹೀಗೆ ಸೊನಾಟಾವು ಶಬ್ದವಿಲ್ಲದ ನಾಟಕ. ಕೃತಿಯು ಒಂದೇ ಭಾವದಲ್ಲಿ ಆಳಕ್ಕಿಳಿಯುವ ಸ್ತೋತ್ರ. ಒಂದರಲ್ಲಿ ರಸವು ವಿಯೋಗಪೂರ್ವಕವಾದ ಸಂಯೋಗದಿಂದ, ಮತ್ತೊಂದರಲ್ಲಿ ಅವಿಚಲವಾದ ಸಾನ್ನಿಧ್ಯದಿಂದ. ಒಂದರ ಲಕ್ಷಣದಿಂದ ಮತ್ತೊಂದನ್ನು ಅಳೆದು ಅದರಲ್ಲಿ ನ್ಯೂನತೆಯನ್ನು ಹೇಳುವುದು ನಾಟಕದಲ್ಲಿ ಮುಕ್ತಕವನ್ನು ಹುಡುಕಿದಂತೆ. ಎರಡನ್ನೂ ಬಲ್ಲ ಮಹಾರಾಜರು ಒಂದನ್ನು ಪೋಷಿಸಿ ಮತ್ತೊಂದನ್ನು ರಚಿಸಿದುದು ಸಂಕೋಚದಿಂದಲ್ಲ, ಔಚಿತ್ಯಜ್ಞಾನದಿಂದ ಎಂದೇ ಎಣಿಸತಕ್ಕದ್ದು.