ಹಳೆಯ ಒಗೆಯಂತ್ರದ ಪಾಠಶೋಧನೆ

ತುಮಕೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ನೆರೆಯಾಗಿ ಮೂವತ್ತು ವರ್ಷಗಳಿಂದ ನಿಂತಿರುವ ಎರಡು ತೊಟ್ಟಿಯ ವಾಷಿಂಗ್ ಮಷೀನಿನ ಹಿಂಬದಿಯ ಹಲಗೆಯನ್ನು ಬಿಚ್ಚಿದರೆ, ಅದರ ಒಳಮೈಯಲ್ಲಿ ಮೂರು ಬೇರೆ ಬೇರೆ ಕೈಗಳ ಬರಹ ಕಾಣುತ್ತದೆ: ಬೆಲ್ಟ್ ಬದಲಿಸಿದ ದಿನ, ಕೆಪಾಸಿಟರ್ ಹಾಕಿದ ದಿನ, ಮೋಟಾರಿಗೆ ಹೊಸದಾಗಿ ವೈಂಡಿಂಗ್ ಮಾಡಿಸಿದ ದಿನ. ಓಲೆಯ ಕಟ್ಟಿನ ಕೊನೆಯಲ್ಲಿ ಸಂವತ್ಸರ ಮಾಸ ತಿಥಿಗಳನ್ನು ಬರೆದು ಮುಂದಿನ ಓದುಗನಿಗೆ ಒಪ್ಪಿಸುತ್ತಿದ್ದ ಲಿಪಿಕಾರನ ಸೌಜನ್ಯವೇ ಇಲ್ಲಿಯೂ ಇದೆಯೆಂದು ನನಗೆ ಅನ್ನಿಸಿದೆ. ದುರಸ್ತಿಯನ್ನು ಉಳಿತಾಯವೆಂದೋ ಜಿಪುಣತನವೆಂದೋ ಹೇಳಿ ಮುಗಿಸುವುದು ವಾಡಿಕೆ; ಅದನ್ನು ಹಳೆಯ ಪ್ರತಿಗಳಿಂದ ಕೃತಿಯ ಮೂಲಪಾಠವನ್ನು ಹುಡುಕುವ ಪಾಠಶೋಧನೆಯ ಹತ್ತಿರದ ವಿದ್ಯೆಯೆಂದು ಎಣಿಸಿ, ಅದರ ಗುಣದೋಷಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

1990ರ ದಶಕದಲ್ಲಿ ವಿಡಿಯೋಕಾನ್, ಬಿಪಿಎಲ್ ಮೊದಲಾದ ಹೆಸರುಗಳನ್ನು ಹೊತ್ತು ಮಧ್ಯಮವರ್ಗದ ಮನೆಗಳನ್ನು ಹೊಕ್ಕ ಈ ಯಂತ್ರಗಳ ಅಂತರಂಗದಲ್ಲಿ ರಹಸ್ಯವೆಂಬುದು ಅತ್ಯಲ್ಪ. ಒಗೆಯುವುದಕ್ಕೆ ಒಂದು ಮೋಟಾರು, ಹಿಂಡುವುದಕ್ಕೆ ಇನ್ನೊಂದು. ನಡುವೆ ಬೆಲ್ಟು, ಗೇರ್ ಬಾಕ್ಸು. ತಳದಲ್ಲಿ ನೀರನ್ನು ಕಡೆಯುವ ಪಲ್ಸೇಟರು. ಒಗೆಯುವ ಮೋಟಾರಿನಲ್ಲಿ ಸರಿಸಮನಾದ ಎರಡು ಸುರುಳಿಗಳಿದ್ದು, ಕೆಪಾಸಿಟರಿನ ಸಂಬಂಧವನ್ನು ಒಂದರಿಂದ ಮತ್ತೊಂದಕ್ಕೆ ತಿರುಗಿಸಿದಾಗ ಮೋಟಾರು ಎಡಬಲ ಬದಲಿಸುತ್ತದೆ. ಹಾಗೆ ತಿರುಗಿಸತಕ್ಕ ಟೈಮರಾದರೋ ಚಿಪ್ಪೂ ಅಲ್ಲ, ಗಣಕವೂ ಅಲ್ಲ. ಸ್ಪ್ರಿಂಗು ಮತ್ತು ಹಲ್ಲುಚಕ್ರಗಳ ಪುಟ್ಟ ಗಡಿಯಾರ. 1978ರಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯನ್ನು ಇರಿಸಿಕೊಂಡು, 2016ರಲ್ಲಿ ಅದನ್ನು ಮುಚ್ಚಲು ಸರ್ಕಾರವು ತೀರ್ಮಾನಿಸಿದ್ದನ್ನೂ ಕಂಡ ಈ ಊರಿನಲ್ಲಿ, ಹದಿನೈದು ನಿಮಿಷದ ಆ ಟೈಮರನ್ನು ಬಿಚ್ಚಿ, ಒರೆಸಿ, ಒಂದು ಹನಿ ಎಣ್ಣೆಯಿಟ್ಟು ಮತ್ತೆ ಟಿಕಟಿಕ ಎನ್ನಿಸುವ ಕೈಗಳನ್ನು ಕಂಡಾಗ ನನಗೆ ಉಂಟಾಗುವ ಸಂತೋಷದಲ್ಲಿ ಸ್ವಲ್ಪ ಪಕ್ಷಪಾತವೂ ಬೆರೆತಿರಬಹುದು.

ಆದರೆ ಈ ವಿದ್ಯೆಯ ನಿಜವಾದ ತವರು ಗಡಿಯಾರವಲ್ಲ, ಪಂಪ್‌ಸೆಟ್ಟು. ತೆಂಗು ಅಡಕೆಗಳ ಸೀಮೆಯಾದ ಗುಬ್ಬಿಯಲ್ಲಿ ಬೇಸಗೆ ಬಂದೊಡನೆ ಕೊಳವೆಬಾವಿಯ ಮೋಟಾರುಗಳು ಸುಟ್ಟು ವೈಂಡಿಂಗ್ ಅಂಗಡಿಗಳ ಮುಂದೆ ಸಾಲುಗಟ್ಟುತ್ತವೆ. ತೋಟ ಒಣಗುವ ಮುನ್ನ ಅವನ್ನು ಸರಿಪಡಿಸಿಕೊಡಲೇಬೇಕಾದ ಒತ್ತಾಯದಲ್ಲಿ ಪಳಗಿದ ಕೈಗಳೇ ಬಿಡುವಿನ ವೇಳೆಯಲ್ಲಿ ಒಗೆಯಂತ್ರದ ಚಿಕ್ಕ ಮೋಟಾರನ್ನೂ ಸುತ್ತಿಕೊಡುತ್ತವೆ. ಸುಟ್ಟ ಸುರುಳಿಯನ್ನು ಕತ್ತರಿಸಿ, ಅದರ ಸುತ್ತುಗಳನ್ನು ಒಂದೊಂದಾಗಿ ಎಣಿಸಿ, ತಂತಿಯ ಗೇಜನ್ನು ಅಳೆದು, ಅಷ್ಟೇ ಸುತ್ತಿನ ಹೊಸ ತಂತಿಯನ್ನು ಕೂರಿಸಿ ವಾರ್ನಿಷ್ ಹುಯ್ದು ಒಣಗಿಸುವ ಆ ಕ್ರಮದಲ್ಲಿ ಊಹೆಗೆ ಎಡೆಯಿಲ್ಲ. ಮೂಲದಲ್ಲಿ ಇದ್ದಷ್ಟೇ, ಇದ್ದಂತೆಯೇ. ನಮ್ಮ ಮೋಟಾರನ್ನು ಹೊತ್ತುಕೊಂಡು ಹೋದಾಗ ಅಂಗಡಿಯಾತನು ಅದನ್ನು ಕೈಯಲ್ಲಿ ತೂಗಿ, “ಮೇಷ್ಟ್ರೇ, ಇದು ತಾಮ್ರ ಕಣ್ರೀ. ಈಗ ಬರೋವು ಎಷ್ಟೋ ಅಲ್ಯೂಮಿನಿಯಂ. ಇದನ್ನ ಗುಜರಿಗೆ ಹಾಕ್ಬೇಡಿ” ಎಂದನು. ಗುಬ್ಬಿಯೆಂದರೆ ವೀರಣ್ಣನವರ ನಾಟಕ ಕಂಪನಿಯನ್ನು ನೆನೆಯುವುದು ನಮ್ಮ ರೂಢಿಯಾದರೂ, ಆ ಊರಿನ ಈ ಕಲೆಗೂ ಒಂದು ಚಪ್ಪಾಳೆ ಸಲ್ಲತಕ್ಕದ್ದೇ.

ಇಷ್ಟು ಹೊಗಳಿದ ಮೇಲೆ ದೋಷವನ್ನು ಹೇಳದೆ ಬಿಟ್ಟರೆ ವಿಮರ್ಶೆಯಾಗದು. ಕುಣಿಗಲ್ಲಿನಲ್ಲಿರುವ ನಮ್ಮ ಅತ್ತಿಗೆಯ ಮನೆಯ ಯಂತ್ರವೂ ಅದೇ ಕಾಲದ್ದು. ಬೋರಿನ ಗಡಸು ನೀರು ಪಲ್ಸೇಟರಿನ ಅಡಿಯಲ್ಲಿ ಸುಣ್ಣದಂತೆ ಕಟ್ಟಿಕೊಂಡು ರಬ್ಬರಿನ ಸೀಲನ್ನು ಸವೆಸಿತ್ತು. ಹನಿಹನಿಯಾಗಿ ಇಳಿದ ನೀರು ಬೇರಿಂಗಿಗೆ ತುಕ್ಕು ಹಿಡಿಸಿತ್ತು. ಬೇರಿಂಗನ್ನು ಮಾತ್ರ ಬದಲಿಸಿ ಹೋದ ಯಾವನೋ ಒಬ್ಬನು ಸೀಲನ್ನು ಹಾಗೆಯೇ ಬಿಟ್ಟದ್ದರಿಂದ ವರ್ಷ ತುಂಬುವುದರೊಳಗೆ ಹೊಸ ಬೇರಿಂಗೂ ಅದೇ ಹಾದಿ ಹಿಡಿಯಿತು. ಇದು ಅಜ್ಞಾನ, ಕ್ಷಮಿಸಬಹುದು. ಕ್ಷಮೆಗೆ ಮೀರಿದ್ದು ಬೇರೊಂದಿತ್ತು. ಬಟ್ಟೆ ಹಿಂಡುವ ತೊಟ್ಟಿಯ ಮುಚ್ಚಳವನ್ನು ಎತ್ತಿದೊಡನೆ ಕರೆಂಟು ಕಡಿದು, ಬ್ರೇಕು ಹಿಡಿದು, ನಿಮಿಷಕ್ಕೆ ಸಾವಿರಕ್ಕೂ ಮೀರಿ ಸುತ್ತುವ ಆ ತೊಟ್ಟಿಯು ಕ್ಷಣಗಳಲ್ಲಿ ನಿಲ್ಲಬೇಕು. ಮುಚ್ಚಳದ ಆ ಸ್ವಿಚ್ಚು ಕೆಟ್ಟಾಗ ಅದರ ಎರಡು ತಂತಿಗಳನ್ನೂ ಹೊಸೆದು ಟೇಪು ಸುತ್ತಿ “ಡೈರೆಕ್ಟ್” ಮಾಡಿದ್ದರು. ಯಂತ್ರ ಓಡುತ್ತದೆ, ಮನೆಯವರು ಹಣ ಕೊಡುತ್ತಾರೆ, ಮುಚ್ಚಳ ತೆರೆದು ಕೈ ಹಾಕುವ ಮಗುವಿನ ವಿಚಾರ ಯಾರ ಲೆಕ್ಕದಲ್ಲಿಯೂ ಇಲ್ಲ. ಅರ್ಥವಾಗದ ಪದವನ್ನು ಅಳಿಸಿ, ಛಂದಸ್ಸು ಕೆಡದಂತೆ ತನ್ನದೊಂದು ಪದವನ್ನು ತುಂಬಿ, ಗುರುತನ್ನೂ ಇಡದೆ ಮುಂದೆ ಸಾಗುವ ಲಿಪಿಕಾರನ ಅಪರಾಧವೇ ಇದು. ಲುಪ್ತವಾದ ಪಾಠವನ್ನು ಖಾಲಿಯಾಗಿ ಬಿಟ್ಟವನಿಗಿಂತ ಹೀಗೆ ಮುಚ್ಚಿದವನಿಂದಲೇ ಹೆಚ್ಚಿನ ಕೇಡು. ಅರ್ತಿಂಗ್ ತಂತಿಯನ್ನು ಕತ್ತರಿಸಿ ಎರಡು ಕಡ್ಡಿಯ ಪ್ಲಗ್ಗನ್ನು ಸಿಕ್ಕಿಸುವವರೂ ಇದೇ ಪಂಗಡದವರು.

ಹೊಣೆಯೆಲ್ಲ ಮೆಕ್ಯಾನಿಕ್ಕಿನದೆಂದು ಹೇಳುವುದು ಮಾತ್ರ ಅನ್ಯಾಯ. ವಿಡಿಯೋಕಾನ್ ಸಂಸ್ಥೆಯೇ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತೆಂದ ಮೇಲೆ ಅದರ ಹಳೆಯ ಯಂತ್ರಕ್ಕೆ ಅಸಲಿ ಬಿಡಿಭಾಗವನ್ನು ಯಾರನ್ನು ಕೇಳುವುದು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆತದ್ದನ್ನು ಅರದಿಂದ ತಿಕ್ಕಿ ಹೊಂದಿಸಿಕೊಳ್ಳಬೇಕು. ಯುರೋಪಿನಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮವು ಒಗೆಯಂತ್ರದ ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷಗಳ ಕಾಲ ಒದಗಿಸಬೇಕೆಂದು ತಯಾರಕರನ್ನು ಕಟ್ಟಿಹಾಕಿದೆ. ನಮ್ಮಲ್ಲಿ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ರಚಿಸಿತು. ತಯಾರಕರ ಹೊಣೆ ಬಿಡಿಭಾಗಕ್ಕೇ ಮುಗಿಯದು; ಇಸ್ತ್ರಿ ಪೆಟ್ಟಿಗೆಯ ಗತಿಯನ್ನೇ ನೋಡಬಹುದು: ಅಭ್ರಕದ ಹಾಳೆಗೆ ನಿಕ್ರೋಮ್ ತಂತಿಯನ್ನು ಸುತ್ತಿದ ಹಳೆಯ ಭಾರದ ಪೆಟ್ಟಿಗೆಗೆ ಯಾವ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿಯಾದರೂ ಎಲಿಮೆಂಟ್ ಕೊಂಡು ಹಾಕಬಹುದಿತ್ತು, ತಳದ ಎರಕದಲ್ಲಿಯೇ ಎಲಿಮೆಂಟನ್ನು ಹುದುಗಿಸಿಟ್ಟ ಈಗಿನ ಹಗುರ ಪೆಟ್ಟಿಗೆಯನ್ನು ಬಿಚ್ಚಿದವನಿಗೆ ಮರಳಿ ಮುಚ್ಚುವುದಷ್ಟೇ ಉಳಿದಿದೆ.

ಕಳೆದ ತಿಂಗಳು ತುಮಕೂರಿನಿಂದ ನಮ್ಮ ಮೆಕ್ಯಾನಿಕ್ಕನ್ನು ಕುಣಿಗಲ್ಲಿಗೆ ಕರೆದೊಯ್ದು, ಸೀಲು ಬೇರಿಂಗುಗಳನ್ನು ಜೊತೆಯಾಗಿ ಬದಲಿಸಿ, ಮುಚ್ಚಳದ ಸ್ವಿಚ್ಚನ್ನು ಹೊಸದಾಗಿ ಹಾಕಿಸಿ, ಬ್ರೇಕಿನ ತಂತಿಯನ್ನು ಬಿಗಿ ಮಾಡಿಸಿದೆನು. ಆತನು ಹಲಗೆಯ ಒಳಬದಿಯಲ್ಲಿ ತಾರೀಖನ್ನು ಬರೆದನು. ಮೂರನೆಯ ದಿನ ಅತ್ತಿಗೆಯ ಫೋನು ಬಂದಿತು: “ಅದೇನು ರಿಪೇರಿ ಮಾಡಿಸಿದಿರೋ ಕಾಣೆ, ಮುಚ್ಚಳ ತೆಗೆದರೆ ಸಾಕು, ಮಷೀನು ನಿಂತೇ ಹೋಗುತ್ತೆ. ಇನ್ನೊಂದು ಸಲ ಅವನನ್ನ ಕಳಿಸಿ.”