ಪ್ಯಾಕಿನ ಮೇಲಿರುವುದು ಕೈಗೆ ಬರುವುದಿಲ್ಲ

ಬೆಂಗಳೂರಿನ ಯಾವುದಾದರೂ ಟೀ ಅಂಗಡಿಯ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. ಗಿರಾಕಿ ಬರುತ್ತಾನೆ, ಬ್ರಾಂಡಿನ ಹೆಸರು ಹೇಳುತ್ತಾನೆ. ಅಂಗಡಿಯವರು ಒಡೆದ ಪ್ಯಾಕಿನಿಂದ ಒಂದೇ ಒಂದು ಸಿಗರೇಟು ಎಳೆದು ಕೊಡುತ್ತಾರೆ. ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರಿನಿಂದ ಹೊತ್ತಿಸಿಕೊಂಡು ಅವನು ಟೀ ಲೋಟದತ್ತ ಕೈಚಾಚುತ್ತಾನೆ. ಪ್ಯಾಕು ಮಾತ್ರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಉಳಿಯುತ್ತದೆ. ಅದರ ಮೇಲೆ ಅಚ್ಚಾದ ಕ್ಯಾನ್ಸರಿನ ಚಿತ್ರ, ಎಚ್ಚರಿಕೆಯ ಮಾತು, ಚಟ ಬಿಡಲು ನೆರವಾಗುವ ಫೋನ್ ನಂಬರು, ಯಾವುದೂ ಸೇದುವವನ ಕೈಗೆ ಬರುವುದಿಲ್ಲ.

ಈ ಎಚ್ಚರಿಕೆ ಇವತ್ತಿನ ರೂಪಕ್ಕೆ ಬರಲು ನಾಲ್ಕು ದಶಕ ಹಿಡಿಯಿತು. 1975ರ ಕಾನೂನು ಪ್ಯಾಕಿನ ಮೇಲೆ ಒಂದು ಸಾಲು ಬರೆಸಿತು. 2009ರ ಮೇ 31ರಿಂದ ಚಿತ್ರ ಬಂತು. ಎದೆಯ ಎಕ್ಸ್‌-ರೇ ತೋರಿಸಿದರು, ಅದು ಹೇಳುವುದೇನೆಂದು ವೈದ್ಯರಿಗಷ್ಟೇ ತಿಳಿಯುವಂತಿತ್ತು. 2016ರ ಏಪ್ರಿಲಿನಿಂದ ಪ್ಯಾಕಿನ ಎರಡೂ ಮುಖಗಳ ಶೇ. 85ರಷ್ಟು ಜಾಗ ಎಚ್ಚರಿಕೆಗೇ ಮೀಸಲಾಯಿತು. 2018ರ ಸೆಪ್ಟೆಂಬರಿನಲ್ಲಿ ನಂಬರು ಸೇರಿತು.

ನನ್ನ ಮಟ್ಟಿಗೆ ಇಡೀ ಪ್ಯಾಕಿನಲ್ಲಿ ಬೆಲೆಯುಳ್ಳ ಸಾಲು ಆ ನಂಬರೇ. ಚಿತ್ರ ಹೆದರಿಸುತ್ತದೆ, ಹೆದರಿಸಲೇಬೇಕು. ಆದರೆ ಹೆದರಿಕೆಯೊಂದೇ ನಿಕೊಟಿನ್‌ಗೆ ಸಾಟಿಯಲ್ಲ. ಒಂದು ದಮ್ ಎಳೆದ ಹತ್ತಾರು ಸೆಕೆಂಡಿನೊಳಗೆ ಅದು ಮಿದುಳು ಮುಟ್ಟುತ್ತದೆ. ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ ಆ ಹಿತಕ್ಕೆ ಒಗ್ಗಿದ ಮಿದುಳು ಟೀಯ ವಾಸನೆಗೇ ಕೈಯನ್ನು ಜೇಬಿಗೆ ಕಳಿಸುತ್ತದೆ. ಇಂಥವನಿಗೆ ಸಾವಿನ ಚಿತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ದಾರಿ ತೋರುವ ಒಬ್ಬ ಮನುಷ್ಯ. ನಂಬರು ಕೊಡುವುದು ಅದನ್ನೇ.

ಪ್ಯಾಕು ಹೇಳದೆ ಬಿಟ್ಟಿರುವ ಇನ್ನೊಂದು ಸಂಗತಿಯಿದೆ, ನನಗೆ ಅದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಸೇದಿದರೆ ಏನಾಗುತ್ತದೆಂದು ಅದು ಹೇಳುತ್ತದೆ, ಬಿಟ್ಟರೆ ಏನಾಗುತ್ತದೆಂದು ಹೇಳುವುದಿಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನ 2004ರಲ್ಲಿ ಲೆಕ್ಕ ಕೊಟ್ಟಿತು: ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಹೋದರು. ಅರವತ್ತರಲ್ಲಿ ಬಿಟ್ಟವರಿಗೆ ಮೂರು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು ವರ್ಷ ಆಯುಷ್ಯ ಮರಳಿ ಸಿಕ್ಕಿತು. ಮೂವತ್ತರಲ್ಲೇ ಬಿಟ್ಟವರು ಹೆಚ್ಚುಕಡಿಮೆ ಪೂರ್ತಿ ಹತ್ತನ್ನೂ ಉಳಿಸಿಕೊಂಡರು. ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? "ಇನ್ನೇನು, ಆಗುವುದು ಆಗಿಹೋಯ್ತು" ಎನ್ನುವ ಐವತ್ತರ ಅಪ್ಪನಿಗೆ ಈ ಲೆಕ್ಕ ಕಾಣಿಸುವಂತೆ ಪ್ಯಾಕಿನ ಒಂದು ಮುಖದಲ್ಲಾದರೂ ಇರಬೇಕಿತ್ತು.

ಇನ್ನು ಬಿಡಿಯಾಗಿ ಕೊಳ್ಳುವವರ ಮಾತು. ಹದಿನೆಂಟು ವರ್ಷ ಸೇದಿ ಬಿಟ್ಟ ನನ್ನ ಗೆಳೆಯನೊಬ್ಬ ಒಮ್ಮೆಯೂ ಪ್ಯಾಕು ಕೊಂಡವನಲ್ಲ. "ಪ್ಯಾಕ್ ತಗೊಂಡ್ರೆ ಚಟ ಆಗ್ಬಿಡುತ್ತೆ ಅಂತ ಒಂದೊಂದೇ ತಗೋತಿದ್ದೆ ಕಣೋ" ಎನ್ನುತ್ತಾನೆ. ಬಿಡುವ ದಿನಗಳಲ್ಲಿ ಅವನು ಒಬ್ಬನೇ ಒದ್ದಾಡಿದ. ಮೊದಲ ಮೂರು ದಿನ ಸಿಟ್ಟು, ನಿದ್ದೆಯಿಲ್ಲ, ಟೀ ಅಂಗಡಿಯ ಕಡೆ ಹೋಗಲು ಭಯ. ನೆರವಿಗೊಂದು ನಂಬರಿದೆಯೆಂಬುದು ಅವನಿಗೆ ಗೊತ್ತಾದದ್ದು ಬಿಟ್ಟು ಎರಡು ವರ್ಷವಾದ ಮೇಲೆ, ನನ್ನಿಂದ. ಒಂದೊಂದೇ ಸೇದಿದರೆ ಅಷ್ಟೇನೂ ಹಾನಿಯಿಲ್ಲ ಎಂಬ ನಂಬಿಕೆಯೂ ಸುಳ್ಳು. ಬ್ರಿಟಿಷ್ ಮೆಡಿಕಲ್ ಜರ್ನಲ್ 2018ರಲ್ಲಿ ಪ್ರಕಟಿಸಿದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವವರಿಗೆ ಹೃದಯರೋಗದ ಅಪಾಯ ಎಷ್ಟು ಏರುತ್ತದೋ ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸೇದುವವರಿಗೂ ಏರುತ್ತದೆ. ಕಡಿಮೆ ಮಾಡಿದ್ದೇನೆ ಎಂದು ಸಮಾಧಾನ ಪಟ್ಟುಕೊಂಡರೆ ಹೃದಯ ಒಪ್ಪುವುದಿಲ್ಲ.

ಕರ್ನಾಟಕ ಸರ್ಕಾರ 2017ರಲ್ಲೇ ಬಿಡಿ ಸಿಗರೇಟು ಮಾರಾಟವನ್ನು ನಿಷೇಧಿಸಿತು. ಈಗಿನ ತಿದ್ದುಪಡಿ ಕಾನೂನು ಅದನ್ನು ಇನ್ನಷ್ಟು ಗಟ್ಟಿ ಮಾಡಿ, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದೆ. ಕಾನೂನು ಸರಿಯಾಗಿದೆ, ಅಂಗಡಿಯ ಮುಂದೆ ಅದು ಸೋತಿದೆ. ಪ್ಯಾಕು ಕೊಳ್ಳುವಷ್ಟು ದುಡ್ಡಿಲ್ಲದ ಕಾಲೇಜು ಹುಡುಗ ಮೊದಲ ಸಿಗರೇಟು ಸೇದುವುದು ಬಿಡಿಯಾಗಿ ಸಿಗುವುದರಿಂದಲೇ. ಗೂಡಂಗಡಿಯವರ ಹೊಟ್ಟೆಪಾಡನ್ನು ನಾನು ಮರೆತಿಲ್ಲ. ಆದರೆ ಆ ಹುಡುಗನ ಎದೆಗೂಡಿನ ಖರ್ಚಿನಲ್ಲಿ ಅದು ನಡೆಯಬಾರದು. ಕೆನಡಾ 2023ರಲ್ಲಿ ಹೊಸ ನಿಯಮ ತಂದು, ಪ್ರತಿ ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚು ಹಾಕಿಸಲು ಶುರು ಮಾಡಿತು. ಬಿಡಿ ಮಾರಾಟ ನಿಲ್ಲಿಸಲಾಗದ ನಮಗೆ ಆ ನಿಯಮ ಅವರಿಗಿಂತ ಹೆಚ್ಚು ಬೇಕು, ಮತ್ತು ಅಚ್ಚಾಗುವುದು ನಂಬರೇ ಆಗಬೇಕು.

ಅಲ್ಲಿಯವರೆಗೆ ಪ್ಯಾಕು ನೋಡದವರಿಗಾಗಿ ಇಲ್ಲೇ ಬರೆಯುತ್ತೇನೆ: 1800-11-2356. ಕರೆ ಉಚಿತ. ದಕ್ಷಿಣದ ಭಾಷೆಗಳಲ್ಲಿ ಮಾತಾಡುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಕೇಳಬಹುದು. ನಿಮ್ಮ ಮನೆಯಲ್ಲಿ ಸೇದುವವರಿದ್ದರೆ ಈ ನಂಬರನ್ನು ಅವರ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.